ಟೀ ಕಪ್ಪಿನಲ್ಲಿ ಜಿನ್ನು

ವಿಷಲು ಊದಿದ್ದೇ ತಡ, ಅಮೆರಿಕದ ಸರಟೋಗಾ ಊರಿನ ಆ ಮನೆಯಲ್ಲಿ ಸೇರಿದ್ದವರೆಲ್ಲ ನಗುತ್ತ ಕೈ ಮೇಲೆತ್ತಿದರು. ಅರವತ್ತು ವರ್ಷದ ಹಿಂದೆ, ೧೯೨೦ರ ದಶಕದಲ್ಲಿ, ಆ ದೇಶದಲ್ಲಿ ಮದ್ಯನಿಷೇಧವಿದ್ದ ಕಾಲದ ವೇಷ ಹಾಕಿಕೊಂಡು ಬನ್ನಿ ಎಂದು ಮ್ಯಾನೇಜರ್ ವಾಲ್ಟರ್ ಆಫೀಸಿನವರನ್ನು ತನ್ನ ಮನೆಗೆ ಕರೆದಿದ್ದ. ತಾನು ಪೊಲೀಸಾಗಿ ಎಲ್ಲರ ಟೀ ಕಪ್ಪು ಮೂಸುತ್ತಿದ್ದ. ಆ ಕಾಲದವರು ಕದ್ದು ಕುಡಿಯುತ್ತಿದ್ದಂತೆ ಕಪ್ಪುಗಳಲ್ಲಿದ್ದದ್ದು ನಿಂಬೆರಸ, ಜೇನು ಬೆರೆಸಿದ ಜಿನ್ನು.

ಬಾಡಿಗೆ ಹ್ಯಾಟು ಹಾಕಿದ್ದ ಕೆಂಪರಾಜು ಮಾತ್ರ ಕೈ ಎತ್ತಲಿಲ್ಲ. ವಾಲ್ಟರ್ ಅವನ ಕಿವಿಯ ಬಳಿಯೇ ಮತ್ತೆ ವಿಷಲು ಊದಿದ. "ಬಚ್ಚಿಟ್ಟಿರೋ ಮಾಲು ಎಲ್ಲಿ, ರಾಜ್?"

"ಸಾಕು ನಿಲ್ಲಿಸು," ಕೆಂಪರಾಜು ಇಂಗ್ಲಿಷಿನಲ್ಲೇ ಹೇಳಿದ. "ನಾನು ಹುಡುಗನಿದ್ದಾಗ ನಮ್ಮ ಮಂಡ್ಯದ ಕಡೆಯೂ ಮದ್ಯನಿಷೇಧ ಇತ್ತು. ಸಾರಾಯಿ ಕಾಯಿಸಿದ್ದಕ್ಕೆ ನಮ್ಮಪ್ಪ ಒಂದು ವರ್ಷ ಜೈಲಲ್ಲಿದ್ದರು. ಪೊಲೀಸರು ಎಳೆದುಕೊಂಡು ಹೋಗಿದ್ದನ್ನ ನಾನೇ ನೋಡಿದ್ದೀನಿ."

"ಭೇಷ್, ಎಲ್ಲರಿಗಿಂತ ಒಳ್ಳೇ ಪಾರ್ಟು ನಿನ್ನದೇ," ಎಂದು ವಾಲ್ಟರ್ ಬೆನ್ನು ತಟ್ಟಿದ. ಚಪ್ಪಾಳೆ ಬಿದ್ದವು. ಇದು ಪಾರ್ಟಲ್ಲ, ನಿಜ ಎಂದು ಕೆಂಪರಾಜು ದನಿ ಏರಿಸಿದಷ್ಟೂ ನಗು ಜೋರಾಯಿತು. ಸಿಟ್ಟಿನಿಂದ ಕಪ್ಪನ್ನು ಮೇಜಿನ ಮೇಲೆ ಕುಕ್ಕಿದ. ಅದಕ್ಕೂ ಯಾರೋ ಸಿಳ್ಳೆ ಹಾಕಿದರು.

ನಗದೆ ನಿಂತವಳು ಅವನ ಹೆಂಡತಿ ಸುಶೀಲ ಒಬ್ಬಳೇ. ಮೈತುಂಬ ಕುಚ್ಚು ತೂಗುವ ಗೌನು ತೊಟ್ಟು, ತಲೆಪಟ್ಟಿಗೆ ಗರಿ ಸಿಕ್ಕಿಸಿಕೊಂಡಿದ್ದಳು. ಅವಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಮಾವೋರು ಆವಾಗ ಭದ್ರಾವತೀಲಿ ಕೆಲಸಕ್ಕಿದ್ರು ಅಂದಿದ್ರಲ್ರೀ?"

ಮದುವೆಯಾಗಿ ಹನ್ನೊಂದು ವರ್ಷ ಅವನು ಹಾಗೆಂದೇ ಹೇಳುತ್ತ ಬಂದಿದ್ದ. ಈಗ ಇಡೀ ಆಫೀಸಿನ ಮುಂದೆ ಬಾಯಿಬಿಟ್ಟರೂ ನಂಬಿದವಳು ಇವಳೊಬ್ಬಳೇ. ಕೆಂಪರಾಜು ಹ್ಯಾಟು ತೆಗೆದ.

"ನಡಿ," ಎಂದ. "ಕಾರಲ್ಲಿ ಹೇಳ್ತೀನಿ."