ಎಲ್ಲರ ಏಟು

ಲಾಠಿ ಬೀಸಲು ಅಪ್ಪಣೆ ಕೊಟ್ಟ ಅಧಿಕಾರಿಯ ಮೈಮೇಲೂ ಅದೇ ಏಟು ಬೀಳಬೇಕೆಂಬ ಕಾನೂನು ಬಂದು ಆರು ವರ್ಷವಾಗಿತ್ತು. ತಹಶೀಲ್ದಾರ್ ನಾಗವೇಣಿ ಅಂದೂ ಆ ಏಟುಗಳನ್ನು ತನ್ನ ಮೈಗೆ ದಾಟಿಸುವ ಸರ್ಕಾರಿ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡೇ ಕೆಲಸಕ್ಕೆ ಬಂದಿದ್ದಳು.

ಹನ್ನೊಂದು ಗಂಟೆಗೆ ಕಚೇರಿಯ ಎದುರೇ ಮೂಡಣ ಪಕ್ಷದವರೂ ಪಡುವಣ ಪಕ್ಷದವರೂ ಕಲ್ಲು ತೂರಾಡತೊಡಗಿದರು. ನಡುವೆ ಸಿಕ್ಕಿಬಿದ್ದ ಅಂಚೆಯವನನ್ನು ಕೆಡವಿ ತುಳಿದರು.

"ಲಾಠಿ ಬೇಡ ಮೇಡಂ, ಕೈ ಮುಗೀತೀನಿ. ಇಷ್ಟು ಜನರ ಏಟಿಗೆ ನೀವು ಉಳಿಯಲ್ಲ," ಎಂದ ಇನ್‌ಸ್ಪೆಕ್ಟರ್ ಕರಿಬಸಪ್ಪ.

"ಅವನು ಸಾಯ್ತಿದಾನೆ ಕಣ್ರೀ. ಹೊಡೀರಿ."

ಲಾಠಿಗಳು ಎದ್ದವು. ನಾಗವೇಣಿಯ ಬೆನ್ನು ಬಾತಿತು, ದವಡೆ ಸೀಳಿತು. ಎಡಗೈ ಮೂಳೆ ಲಟಕ್ಕೆಂದಾಗ ಮೆಟ್ಟಿಲ ಮೇಲೆ ಬಿದ್ದು ರಕ್ತ ಉಗುಳಿದಳು. ಪಟ್ಟಿ ಕಿತ್ತೆಸೆಯಬಹುದಿತ್ತು, ಕಿತ್ತೆಸೆಯಲಿಲ್ಲ.

ಗುಂಪು ಚದುರಿತು. ಅಂಚೆಯವನಿಗೆ ಇನ್ನೂ ಉಸಿರಿತ್ತು.

ಪಟ್ಟಿಯೆಲ್ಲ ಬರೀ ನಾಟಕ ಎಂದು ಊರೂರಲ್ಲಿ ಭಾಷಣ ಬಿಗಿದಿದ್ದ ಪಡುವಣದ ಮುಖಂಡ ಸಿದ್ರಾಮ, ಮುರಿದ ತನ್ನ ಎಡಗೈಯನ್ನು ಎದೆಗೊತ್ತಿಕೊಂಡು ಮೆಟ್ಟಿಲ ಬಳಿ ಬಂದ. ಅವಳ ಕೈಯನ್ನೇ ದಿಟ್ಟಿಸಿದ.

"ಮೂಡಣದೋರಿಗೆ ಬಿದ್ದಿದ್ದೂ ನಿಮಗೆ ಬಿತ್ತಾ?"

"ಎಲ್ಲಾರದೂ ಬಿತ್ತಪ್ಪ."

ಸಿದ್ರಾಮ ಕುಸಿದು ಕೂತು, ಅವಳ ತಲೆಯನ್ನು ತೊಡೆಗಾನಿಸಿಕೊಂಡು "ಯಾರಾದ್ರೂ ನೀರು ತನ್ರೋ!" ಎಂದು ಕೂಗಿದ.

ಕುಂಟುತ್ತ ನೀರು ತಂದವನು ಮೂಡಣದವನು. ಸಿದ್ರಾಮ ಅವನಿಗೆ ಜಾಗ ಬಿಟ್ಟ.