ಹದಿನೇಳನೆಯವರ ಅಳತೆ

ತಮ್ಮ ತೀರಿಕೊಂಡನೆಂದು ಆಸ್ಪತ್ರೆಯ ಡಾಕ್ಟರು ಬಂದು ಹೇಳಿ ಇನ್ನೂ ಗಳಿಗೆ ಕಳೆದಿರಲಿಲ್ಲ. ಅಕ್ಕನ ಕೈಚೀಲದಲ್ಲಿದ್ದ ಅವನ ಫೋನು ಬಡಿದುಕೊಳ್ಳತೊಡಗಿತು.

“ಹದಿನೇಳನೆಯವರ ಮನೆಯಾ? ಫಿಸಿಯೋಥೆರಪಿ ಕಾಲೇಜಿಂದ. ನಾಳೆ ಹತ್ತಕ್ಕೆ ನಡಿಗೆ ಪರೀಕ್ಷೆ, ಮರೀಬೇಡಿ.”

“ಇಲ್ಲಮ್ಮಾ, ಇವತ್ತು ಬೆಳಿಗ್ಗೆ ಅವನು ಕುರ್ಚಿ ಹಿಡ್ಕೊಂಡು ವ್ಯಾಯಾಮ ಮುಗಿಸಿ—”

“ಅಯ್ಯೋ, ವ್ಯಾಯಾಮದ ಸುದ್ದಿ ಎತ್ತಬೇಡಿ! ನಾನು ಕೇಳೋ ಹಾಗಿಲ್ಲ!” ಫೋನು ಕಟ್ಟಾಯಿತು.

ಎರಡು ದಿನ ಬಿಟ್ಟು ಮತ್ತೆ ಅದೇ ದನಿ. “ಯಾಕೆ ಬರ್ಲಿಲ್ಲ?” “ಮನೇಲಿ ಕಸರತ್ತು ಮಾಡಿ ಕೂತವನು ಹಾಗೇ—” “ಬೇಡ, ಬೇಡ!” ಮತ್ತೆ ಕಟ್. ಸತ್ತ ಎನ್ನುವ ಮಾತನ್ನು ನಾಲಿಗೆಯ ಮೇಲೆ ತರಲು ಅಕ್ಕನಿಗೆ ನಾಲ್ಕು ಮಾತಿನ ಪೀಠಿಕೆ ಬೇಕು. ಆ ಹುಡುಗಿ ಎರಡನೆಯದಕ್ಕೇ ಕಿವಿ ಮುಚ್ಚಿಕೊಳ್ಳುತ್ತಾಳೆ. ಒಂಬತ್ತನೆಯ ದಿನ ಫೋನಿಗೆ ಒಂದು ಸಂದೇಶ ಬಂತು: ‘ಪರೀಕ್ಷೆಗೆ ಬಾರದ ಕಾರಣ ನಿಮ್ಮನ್ನು ಅರ್ಧಕ್ಕೆ ಬಿಟ್ಟವರೆಂದು ದಾಖಲಿಸಲಾಗುವುದು.’ ಅಕ್ಕ ಅದನ್ನು ಮೂರು ಸಲ ಓದಿದಳು. ತಮ್ಮನ ಪಟದ ಮುಂದೆ ದೀಪ ಹಚ್ಚಿ, ಅವನು ದಿನದ ವ್ಯಾಯಾಮಕ್ಕೊಂದು ಗೆರೆ ಎಳೆಯುತ್ತಿದ್ದ ಪುಸ್ತಕವನ್ನು ಸೆರಗಿನಡಿ ಇಟ್ಟುಕೊಂಡು, ಎರಡು ಬಸ್ಸು ಬದಲಿಸಿ ಕಾಲೇಜಿಗೆ ಬಂದಳು.

ಉದ್ದನೆಯ ಕೋಣೆ. ಒಂದು ಕೈಕುರ್ಚಿ, ಅದರಿಂದ ಮೂರು ಮೀಟರಿಗೆ ನೆಲದ ಮೇಲೆ ಹಳದಿ ಪಟ್ಟಿ. ರೋಗಿ ಕುರ್ಚಿಯಿಂದ ಎದ್ದು, ಪಟ್ಟಿಯವರೆಗೆ ನಡೆದು, ತಿರುಗಿ ಬಂದು ಕೂರಬೇಕು. ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದುಕೊಳ್ಳುತ್ತಾರೆ. ಸಂಶೋಧನೆಗೆ ಸೇರಿದ ಪಾರ್ಶ್ವವಾಯು ರೋಗಿಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ; ತಮ್ಮ ಹದಿನೇಳನೆಯವನು. ಅವರಲ್ಲಿ ಅರ್ಧ ಜನಕ್ಕೆ ಮನೆಯ ವ್ಯಾಯಾಮ, ಇನ್ನರ್ಧಕ್ಕೆ ಕಾಲೇಜಿನ ಯಂತ್ರ. ಯಾರಿಗೆ ಯಾವುದೆಂದು ಅಳೆಯುವವರಿಗೆ ಗೊತ್ತಾಗಕೂಡದು, ಗೊತ್ತಾದರೆ ಅಳತೆ ಒಂದು ಕಡೆ ವಾಲುತ್ತದೆ. ಇದನ್ನೆಲ್ಲ ಸೇರುವ ದಿನವೇ ತಮ್ಮನಿಗೆ ಹೇಳಿದ್ದರು. ಅವನು ಮನೆಗೆ ಬಂದು ನಕ್ಕಿದ್ದ: “ನೋಡಕ್ಕಾ, ಗಿರಾಕಿ ಮುಖ ನೋಡದೆ ಅಳತೆ ತಗೊಳ್ಳೋ ದರ್ಜಿಗಳು!”

ಸ್ಟಾಪ್‌ವಾಚು ಕೊರಳಿಗೆ ಹಾಕಿಕೊಂಡಿದ್ದ ಸಂಶೋಧಕಿ ಅಕ್ಕನ ಕೈಯ ಪುಸ್ತಕ ಕಂಡದ್ದೇ ತಡ, ಎರಡು ಕೈಯಿಂದ ಕಣ್ಣು ಮುಚ್ಚಿಕೊಂಡಳು. “ಅದನ್ನ ಒಳಗಿಡಿ ಅಜ್ಜಿ! ನೋಡಿದ್ರೆ ನನ್ನ ಎರಡು ವರ್ಷದ ಕೆಲಸ ಮಣ್ಣುಪಾಲು!” ಫೋನಿನ ಅದೇ ದನಿ.

“ಕಣ್ಣು ಬಿಡು ತಾಯಿ,” ಎಂದಳು ಅಕ್ಕ. ಪೀಠಿಕೆಯೆಲ್ಲ ಸುಟ್ಟುಹೋಗಿತ್ತು. “ನಿನ್ನ ಹದಿನೇಳು ಸತ್ತು ಒಂಬತ್ತು ದಿನ ಆಯ್ತು. ಮೊದಲ ಸಲ ನೀನು ಫೋನ್ ಮಾಡ್ದಾಗ ಅವನ ಮೈಯಲ್ಲಿ ಇನ್ನೂ ಬಿಸಿ ಇತ್ತು.”

ಕೈಗಳು ನಿಧಾನವಾಗಿ ಕೆಳಗಿಳಿದವು. ಆ ಹೊತ್ತಿಗೆ ಪಕ್ಕದ ಕೋಣೆಯಿಂದ ಪ್ರೊಫೆಸರರೂ ಎದ್ದು ಬಂದರು. ಸಂತಾಪ ಹೇಳಿದರು, ಕುರ್ಚಿ ತೋರಿಸಿ ಕೂರಿಸಿದರು, ಕಂಪ್ಯೂಟರು ತೆರೆದರು. ಆಮೇಲೆ ಕತ್ತು ತುರಿಸಿಕೊಂಡರು. “ನೋಡಿ ತಾಯಿ, ಪರೀಕ್ಷೆಗೆ ಬರದಿದ್ದಕ್ಕೆ ಇಲ್ಲಿ ಮೂರೇ ಕಾರಣ ಇರೋದು. ಆಸಕ್ತಿ ಇಲ್ಲ, ಊರು ಬಿಟ್ಟರು, ಹೇಳಿದಂತೆ ಮಾಡಲಿಲ್ಲ. ಒಂದನ್ನ ಒತ್ತದೆ ಮುಂದಕ್ಕೆ ಹೋಗಲ್ಲ. ಊರು ಬಿಟ್ಟರು ಅಂತ ಒತ್ತಲಾ? ಯಾರಿಗೂ ಬೇಜಾರಿಲ್ಲ.”

“ಅರವತ್ತು ದಾಟಿದವರು, ಕೈಕಾಲು ಬಿದ್ದವರು, ಅಂಥವರನ್ನೇ ಹುಡುಕಿ ಸೇರಿಸ್ಕೊಂಡ್ರಿ. ಅವರಲ್ಲಿ ಒಬ್ಬ ಸಾಯಬಹುದು ಅಂತ ನಿಮ್ಮಲ್ಲಿ ಒಬ್ಬರಿಗೂ ಹೊಳೀಲಿಲ್ವಾ?”

ಪ್ರೊಫೆಸರರು ಕನ್ನಡಕ ತೆಗೆದು ಒರೆಸಿದರು. “ಆ ಕಾರಣಾನೂ ಮುಂದಿನ ಸಲ ಸೇರಿಸ್ತೀವಿ.”

“ಮುಂದಿನ ಸಲ ಅವನೆಲ್ಲಿಂದ ಬರ್ತಾನಪ್ಪಾ?” ಅಕ್ಕ ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡಳು. “ನಲವತ್ತು ವರ್ಷ ಅಂಗಿ ಹೊಲಿದವನು ಅವನು. ಗುಂಡಿಗೆ ಕಾಜಾ ಹಾಕದ ಅಂಗಿ ಒಂದೂ ಅವನ ಅಂಗಡಿ ಬಾಗಿಲು ದಾಟಲಿಲ್ಲ. ಅರ್ಧಕ್ಕೆ ಬಿಟ್ಟ ಅನ್ನೋ ಮಾತು ಮಾತ್ರ ಅವನ ಮೇಲೆ ಬೇಡ. ಅದನ್ನ ಕೇಳೋಕೇ ನಾನು ಬಂದಿದ್ದು.”

ಸಂಶೋಧಕಿ ಕೈ ಚಾಚಿದಳು. ಅಕ್ಕ ಪುಸ್ತಕ ಕೊಟ್ಟಳು. ಬಲಗೈ ಬಿದ್ದುಹೋಗಿದ್ದರಿಂದ ಎಡಗೈಯಲ್ಲಿ ಎಳೆದ ಗೆರೆಗಳು. ಸೊಟ್ಟಸೊಟ್ಟಗಿದ್ದರೂ ಹೊಲಿಗೆಯ ಹಾಗೆ ಒಂದರ ಪಕ್ಕ ಒಂದು. ಹುಡುಗಿ ಬೆರಳಿಟ್ಟು ಎಣಿಸಿದಳು. ಆರು ವಾರ, ನಲವತ್ತೆರಡು ದಿನ. ನಲವತ್ತೆರಡನೆಯ ದಿನದ ಮುಂದೆಯೂ ಗೆರೆ ಇತ್ತು.

“ಸರ್, ಇವರು ಏನನ್ನೂ ಬಿಟ್ಟಿಲ್ಲ,” ಎಂದಳು. “ವ್ಯಾಯಾಮ ಪೂರ್ತಿ ಮುಗಿಸಿದ್ದಾರೆ. ಬಾಕಿ ಇರೋದು ನಮ್ಮ ಕೆಲಸ.”

“ಕಂಪ್ಯೂಟರು ಒಪ್ಪಲ್ಲಮ್ಮ.”

“ಒಪ್ಪದಿದ್ರೆ ಬಿಡಲಿ ಸರ್. ಪ್ರಬಂಧ ನಂದು.” ಅವಳು ಬೀರುವಿನಿಂದ ಕಾಗದದ ಕಡತ ತೆಗೆದು, ಹದಿನೇಳನೆಯ ಸಂಖ್ಯೆಯ ಎದುರಿಗೆ ಪೆನ್ನಿನಲ್ಲಿ ದುಂಡಗೆ ಬರೆದಳು: ‘ಪೂರ್ಣಗೊಳಿಸಿದರು. ನಾವು ಅಳೆಯುವ ಮುನ್ನ ತೀರಿಕೊಂಡರು.’ ಪ್ರೊಫೆಸರರು ಅಕ್ಕನ ಮುಖ ನೋಡಿದರು. ಪೆನ್ನು ಈಸಿಕೊಂಡು ಕೆಳಗೆ ಸಹಿ ಹಾಕಿದರು.

ಅಕ್ಕ ಏಳಲು ಕುರ್ಚಿಯ ಕೈಗಳ ಮೇಲೆ ಭಾರ ಬಿಟ್ಟಾಗಲೇ ತಾನು ಕೂತದ್ದು ಪರೀಕ್ಷೆಯ ಕುರ್ಚಿಯಲ್ಲೆಂದು ತಿಳಿದದ್ದು. ಎದ್ದಳು. ಮಂಡಿ ನೋವಿನಲ್ಲಿ ಮೆಲ್ಲಗೆ ಹಳದಿ ಪಟ್ಟಿಯವರೆಗೆ ನಡೆದು ಅಲ್ಲಿ ನಿಂತಳು. ಹಿಂದೆ ಸ್ಟಾಪ್‌ವಾಚಿನ ಸದ್ದಿರಲಿಲ್ಲ. ಅವಳು ಕಣ್ಣು ಮುಚ್ಚಿ ಕೈಜೋಡಿಸಿದಳು.

“ದೇವರೇ, ಅವನು ಎದ್ದ, ಗೆರೆವರೆಗೂ ನಡೆದ. ಈ ಸಲ ತಿರುಗಿ ಬರಲಿಲ್ಲ. ಆ ಕಡೆ ಅವನಿಗೊಂದು ಕುರ್ಚಿ ಹಾಕಿಕೊಡು. ಎಷ್ಟು ಹೊತ್ತು ಹಿಡೀತು ಅಂತ ಮಾತ್ರ ಕೇಳಬೇಡ. ಶಾಂತವಾಗಿ ಕೂತಿರಲಿ.”