ಹಪ್ಪಳದ ಮನೆಯ ತಂಗಿಯರು

ಬೆಳಿಗ್ಗೆ ಹೆಂಗಸರು ಹಪ್ಪಳದ ಹಿಟ್ಟು ಕುಟ್ಟುತ್ತಿದ್ದಾಗ ಕಾರ್ಮಿಕ ಇಲಾಖೆಯ ಅಧಿಕಾರಿ ಒಳಗೆ ಬಂದರು. ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿಯಲ್ಲಿ ಅರ್ಧವನ್ನೂ ಕೊಡದ ಯಜಮಾನ ಓಡಿಬಂದ.

“ಕೂಲಿ ದರದ ಬೋರ್ಡ್ ಎಲ್ರೀ?”

“ಕೆಲಸದವರೇ ಇಲ್ವಲ್ಲ ಸಾರ್, ಬೋರ್ಡ್ ಯಾಕೆ? ಇವರೆಲ್ಲ ನನ್ನ ತಂಗೀರು. ತವರಿಗೆ ಬಂದವರು ಸುಮ್ನೆ ಕೂರೋದ್ಯಾಕೆ ಅಂತ ಹಪ್ಪಳ ಮಾಡ್ತಿದಾರೆ.”

“ಒಂಬತ್ತು ಜನಾನೂ?”

“ನಮ್ಮಪ್ಪಂಗೆ ಹೆಣ್ಣುಮಕ್ಕಳು ಅಂದ್ರೆ ಪ್ರಾಣ ಸಾರ್.”

ಹೆಂಗಸರು ಸೆರಗಿನಲ್ಲಿ ನಗು ಮುಚ್ಚಿಕೊಂಡರು. ನಿಜ ಹೇಳಿದರೆ ನಾಳೆಯಿಂದ ಕೆಲಸವಿಲ್ಲ. ಅಮ್ಮನ ಜೊತೆ ಬಂದಿದ್ದ ಪುಟ್ಟಿ ಮಾತ್ರ ಏನೋ ಕೇಳಲು ಬಾಯಿ ತೆರೆಯುತ್ತಲೇ ಇದ್ದಳು. ಅಮ್ಮ ಅವಳ ಕೈ ಒತ್ತಿ ಸುಮ್ಮನಿರಿಸುತ್ತಿದ್ದಳು.

ಅಧಿಕಾರಿ ಆ ಅಮ್ಮನ ಕಡೆಗೇ ತಿರುಗಿದರು. “ಏನಮ್ಮಾ, ಇವರು ನಿನ್ನ ಅಣ್ಣಾನಾ?”

“ಹೌದು ಸಾರ್, ಒಡಹುಟ್ಟಿದ ಅಣ್ಣ,” ಎಂದಳು ಅವಳು. ಯಜಮಾನ ಉಸಿರು ಬಿಟ್ಟ. ಅವಳು ಮಗಳ ಬೆನ್ನು ಸವರಿದಳು. “ಈಗ ಕೇಳು ಪುಟ್ಟಿ. ಸೋದರಮಾವನ ಹತ್ರ ಏನು ಸಂಕೋಚ?”

“ಮಾವಾ, ನಂಗೆ ಜ್ವರ ಬಂದಾಗ ಅಮ್ಮ ಕೆಲಸಕ್ಕೆ ಬರ್ಲಿಲ್ಲ ಅಂತ ಅವಳ ಕೂಲಿ ಯಾಕೆ ಮುರ್ಕೊಂಡ್ರಿ?”